ಒಂದೇ ಮುಖ, ಎರಡು ಬಗೆಯ ಚರ್ಮ

(ಮಹಿಳಾ ಮಂಡಲ ಮತ್ತು ಯುವಕ ಸಂಘದ ಕೂಡು ಸಭೆಯಲ್ಲಿ ಮಾಡಿದ ಭಾಷಣ)



ಮುಖದ ಚರ್ಮದ ಆರೈಕೆಯೆಂದರೆ ಅದು ಪೇಟೆಯವರ ಶೋಕಿ, ಹೊಲದಲ್ಲಿ ದುಡಿಯುವ ನಮಗೇಕೆ ಎಂದು ತಮಗೆ ತೋರಬಹುದು. ಆದರೆ ಬಿಸಿಲು, ಧೂಳು, ಮಾಗಿಯ ಗಾಳಿ, ಸಿಂಪಡಿಸುವ ಔಷಧಿ ಇವೆಲ್ಲವೂ ಬೀಳುವುದು ದುಡಿಯುವವರ ಮುಖದ ಮೇಲೆಯೇ. ಅಲ್ಲದೆ, ಮುಖಕ್ಕೆ ಒಳ್ಳೆಯದೆಂದು ಅಂಗಡಿಯಿಂದ ತಂದ ಮುಲಾಮಿನಿಂದಲೇ ಮುಖ ಕೆಡಿಸಿಕೊಂಡ ಹುಡುಗ ಹುಡುಗಿಯರು ಹಳ್ಳಿಗಳಲ್ಲಿ ಇದ್ದಾರೆ. ಆ ವಿಚಾರ ಹೇಳುವುದಕ್ಕೆ ಮುಂಚೆ ಚರ್ಮದ ಗುಣವನ್ನು ತಿಳಿಸಬೇಕು.

ತಮ್ಮ ಹೊಲವನ್ನೇ ನೋಡಿ. ಒಂದೇ ಸರ್ವೆ ನಂಬರಿನಲ್ಲಿ ತಗ್ಗಿನ ಕಡೆ ಜೌಗು, ದಿಬ್ಬದ ಕಡೆ ಗರಸು. ಎರಡಕ್ಕೂ ಒಂದೇ ಸಮನಾಗಿ ನೀರು ಕಟ್ಟುವ ರೈತನಿಲ್ಲ. ಬಹಳ ಜನರ ಮುಖವೂ ಹೀಗೆಯೇ. ಹಣೆ, ಮೂಗು, ಗದ್ದ ಮಧ್ಯಾಹ್ನದ ಹೊತ್ತಿಗೆ ಜಿಡ್ಡಾಗಿ ಹೊಳೆಯುತ್ತವೆ. ಕೆನ್ನೆಗಳು ಒಣಗಿ ಬಿಗಿಯುತ್ತವೆ. ಇದಕ್ಕೆ ಮಿಶ್ರ ಚರ್ಮವೆನ್ನುತ್ತಾರೆ. ಇದು ರೋಗವಲ್ಲ. ಚರ್ಮದೊಳಗೆ ಜಿಡ್ಡು ಸುರಿಸುವ ಸಣ್ಣ ಗ್ರಂಥಿಗಳಿವೆ. ಮುಖದಲ್ಲಿ ಮತ್ತು ತಲೆಯಲ್ಲಿ ಇವು ಒಂದು ಚದರ ಸೆಂಟಿಮೀಟರಿಗೆ 400ರಿಂದ 900ರವರೆಗೆ ಇರುವುದುಂಟು. ಅಂಗೈ ಅಂಗಾಲುಗಳಲ್ಲಿ ಒಂದೂ ಇಲ್ಲ. ಹಿಮ್ಮಡಿ ಒಡೆಯುವುದಕ್ಕೆ ಇದೂ ಒಂದು ಕಾರಣ. ಮುಖ ತೊಳೆದು ಏನೂ ಹಚ್ಚದೆ ಒಂದು ಗಂಟೆ ಬಿಟ್ಟು ತೆಳು ಕಾಗದವನ್ನು ಅಲ್ಲಲ್ಲಿ ಒತ್ತಿ ನೋಡಿದರೆ, ಯಾವ ಭಾಗ ಜೌಗು, ಯಾವುದು ಗರಸು ಎಂದು ತಮಗೇ ತಿಳಿಯುತ್ತದೆ.

ನಮ್ಮಲ್ಲಿ ಬಟ್ಟೆ ಒಗೆದ ಸೋಪಿನಿಂದಲೇ ಮುಖ ತೊಳೆಯುವ ವಾಡಿಕೆ ಇನ್ನೂ ಹೋಗಿಲ್ಲ. ಚರ್ಮದ ಗುಣ ತುಸು ಆಮ್ಲ, ಸೋಪು ಕ್ಷಾರ. ಚೌಳು ಹೆಚ್ಚಿದ ಮಣ್ಣು ಏನಾಗುತ್ತದೆಂಬುದನ್ನು ತಮಗೆ ಹೇಳಬೇಕಾಗಿಲ್ಲ. ಮೈಸೋಪಿನ ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಬರೆದು ಒಂದು ಅಂಕಿ ಕೊಟ್ಟಿರುತ್ತಾರೆ. ಅದು 76 ಅಥವಾ ಮೇಲ್ಪಟ್ಟಿದ್ದರೆ ಮೊದಲ ದರ್ಜೆಯ ಸೋಪು. ಅದನ್ನು ಕೊಂಡರೂ ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ಬಳಸಬೇಡಿ. ಹಣೆ, ಮೂಗು, ಗದ್ದಕ್ಕೆ ಸೋಪು; ಕೆನ್ನೆಗೆ ಬರೀ ನೀರು ಸಾಕು. ಹೆಸರುಹಿಟ್ಟು, ಕಡಲೆಹಿಟ್ಟು ಬಳಸುವವರು ಬಳಸಲಿ, ಆದರೆ ಪಾತ್ರೆ ತಿಕ್ಕಿದಂತೆ ತಿಕ್ಕಬಾರದು.

ಇನ್ನು ಎಣ್ಣೆ. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಇರುವ ಹಸಿಯನ್ನು ಆರದಂತೆ ಹಿಡಿದಿಡುತ್ತದೆ, ಬೆಳೆಯ ಬುಡಕ್ಕೆ ಹೊದಿಸಿದ ಸೊಪ್ಪಿನ ಹಾಗೆ. ಆದ್ದರಿಂದ ಮುಖ ಒಣಗಿದ ಮೇಲಲ್ಲ, ತೊಳೆದು ಒತ್ತಿಕೊಂಡ ಕೂಡಲೆ, ಇನ್ನೂ ಪಸೆಯಿರುವಾಗ ಕೆನ್ನೆಗೆ ಎರಡು ತೊಟ್ಟು ಕೊಬ್ಬರಿ ಎಣ್ಣೆ ಅಥವಾ ಚೂರು ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಹಣೆಗೂ ಮೂಗಿಗೂ ಬೇಡ. ತಲೆಗೆ ಸುರಿದ ಎಣ್ಣೆ ಹಣೆಗೆ ಇಳಿದು, ಕೂದಲಂಚಿನಲ್ಲಿ ಸಣ್ಣ ಮೊಡವೆಗಳೇಳುವುದನ್ನು ನೋಡಿದ್ದೀರಿ.

ಇಲ್ಲೊಂದು ಮೋಸವಿದೆ. ಮೂಗಿನ ಪಕ್ಕದಲ್ಲಿಯೂ ಹುಬ್ಬಿನಲ್ಲಿಯೂ ಹೊಟ್ಟು ಏಳುತ್ತದೆ, ಬುಡ ಕೆಂಪಗಿರುತ್ತದೆ, ತಲೆಯಲ್ಲಿಯೂ ಹೊಟ್ಟಿರುತ್ತದೆ. ಒಣಗಿದೆ ಎಂದು ಎಣ್ಣೆ ಹಚ್ಚುತ್ತಾರೆ, ಇನ್ನೂ ಹೆಚ್ಚಾಗುತ್ತದೆ. ಏಕೆಂದರೆ ಅದು ಒಣ ಚರ್ಮವಲ್ಲ. ಜಿಡ್ಡನ್ನೇ ತಿಂದು ಬದುಕುವ ಒಂದು ಬಗೆಯ ಶಿಲೀಂಧ್ರಕ್ಕೆ ಅದರಲ್ಲಿ ಕೈವಾಡವಿದೆ. ಎಣ್ಣೆ ಅದಕ್ಕೆ ಗೊಬ್ಬರವಾಗುತ್ತದೆ. ಕೀಟೋಕೊನಜೋಲ್ ಇರುವ ತಲೆಯ ಶಾಂಪೂವನ್ನು ವೈದ್ಯರು ಇದಕ್ಕೆ ಹೇಳುತ್ತಾರೆ.

ಈಗ ಮುಲಾಮಿನ ಮಾತು. ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ - ಈ ಮೂರು ಹೆಸರುಗಳನ್ನು ದಯವಿಟ್ಟು ಬರೆದುಕೊಳ್ಳಿ. ಇವು ಸ್ಟೀರಾಯ್ಡುಗಳು. ವೈದ್ಯರು ಇಂತಿಷ್ಟು ದಿನವೆಂದು ಹೇಳಿ ಕೊಟ್ಟಾಗ ಒಳ್ಳೆಯ ಔಷಧಿಗಳೇ. ಆದರೆ ಮೊಡವೆಗೂ ಬಿಳುಪಿಗೂ ಎಂದು ತಾವೇ ತಂದು ಹಚ್ಚಿದರೆ, ಮೊದಲ ವಾರ ಮುಖ ತಿಳಿಯಾಗಿ ಕಾಣುತ್ತದೆ. ಹಚ್ಚುತ್ತಾ ಹೋದಂತೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಹೆಚ್ಚುತ್ತದೆ, ಹೆಣ್ಣುಮಕ್ಕಳ ಮುಖದ ಮೇಲೆ ಕೂದಲು ಬರುವುದೂ ಉಂಟು. ಬಿಟ್ಟರೆ ಉರಿ, ಹಚ್ಚಿದರೆ ಹಾಳು. ಹುಳುಕಡ್ಡಿಗೆ ಹಚ್ಚಿದರಂತೂ ನವೆ ನಿಂತ ಹಾಗೆ ತೋರಿ, ಮೈಯೆಲ್ಲ ಹರಡುತ್ತದೆ. 2018ರಲ್ಲಿ ಕೇಂದ್ರ ಸರ್ಕಾರವು 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳಿವೆ. ಬಹಳ ದಿನದಿಂದ ಹಚ್ಚುತ್ತಿರುವವರು ಗಾಬರಿಯಿಂದ ಒಮ್ಮೆಗೇ ನಿಲ್ಲಿಸದೆ ವೈದ್ಯರನ್ನು ಕೇಳಿ ಬಿಡಿಸಿಕೊಳ್ಳಬೇಕು.

ಹೆಸರು ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳು ಇನ್ನೂ ಕೆಟ್ಟವು. ಕೆಲವುಗಳಲ್ಲಿ ಪಾದರಸವಿರುತ್ತದೆ. 2021ರಿಂದ 2023ರ ನಡುವೆ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡಗಳೇ ಕೆಟ್ಟದ್ದನ್ನು ಅಲ್ಲಿನ ವೈದ್ಯರು ಕಂಡುಹಿಡಿದರು. ಮೈಬಣ್ಣ ಕಪ್ಪಾದರೆ ಕೊರತೆಯೇನೂ ಇಲ್ಲವೆಂದು ಹುಡುಗಿಯರಿಗೆ ಮನೆಯವರೇ ಹೇಳಿದ್ದರೆ, ಈ ವ್ಯಾಪಾರ ಅರ್ಧ ನಿಲ್ಲುತ್ತಿತ್ತು.

ನಿಂಬೆರಸ ಮನೆಮದ್ದಲ್ಲವೇ ಎಂದು ಸೋದರಿಯರು ಕೇಳುವುದುಂಟು. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಬೊಬ್ಬೆಯೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯಬಹುದು. ಅದನ್ನು ಸಾರಿಗೆ ಹಿಂಡಿಕೊಳ್ಳಿ. ಬಿಸಿಲಿಗೆ ಅಗಲ ಅಂಚಿನ ಟೋಪಿ, ರುಮಾಲು, ಸೆರಗು ಇವೇ ಖರ್ಚಿಲ್ಲದ ರಕ್ಷಣೆ.

ಸಿಂಪರಣೆ ಮಾಡುವ ಗಂಡಸರಿಗೆ ಒಂದು ಮಾತು. ಹಣೆಯ ಚರ್ಮ ವಿಷವನ್ನು ಬೇಗ ಹೀರುತ್ತದೆ. ಪ್ಯಾರಾಥಿಯಾನ್ ಎಂಬ ಕೀಟನಾಶಕವನ್ನು ಪರೀಕ್ಷಿಸಿದಾಗ ಮುಂಗೈಗಿಂತ ಹಣೆ ಸುಮಾರು 4 ಪಟ್ಟು ಹೀರಿದ್ದು ಕಂಡುಬಂದಿತು. ಪಂಪು ಹೊತ್ತಾಗ ಹೆಗಲ ಮೇಲಿದ್ದ ವಸ್ತ್ರದಿಂದಲೇ ಬೆವರೊರೆಸಿಕೊಳ್ಳುವುದನ್ನು ಇಂದೇ ಬಿಡಿ. ಮೊದಲು ಕೈ ತೊಳೆದು, ಆಮೇಲೆ ಮುಖ ತೊಳೆದು, ಬೇರೆ ಬಟ್ಟೆಯಿಂದ ಒರೆಸಿಕೊಳ್ಳಿ.

ಮುಖದ ಮೇಲಾಗಲಿ ಮೈಮೇಲಾಗಲಿ ಮುಟ್ಟಿದರೆ ಅರಿವಾಗದ ಮಚ್ಚೆಯಿದ್ದರೆ ಅದಕ್ಕೆ ಎಣ್ಣೆ, ಮುಲಾಮು ಏನೂ ಬೇಡ. ಅದು ಕುಷ್ಠವಿರಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಪೂರ್ತಿ ವಾಸಿಯಾಗುತ್ತದೆ, ಔಷಧಿಗೆ ಹಣವಿಲ್ಲ.

ಮನೆಯಲ್ಲಿ ಹಚ್ಚುತ್ತಿರುವ ಮುಲಾಮಿನ ಟ್ಯೂಬುಗಳನ್ನು ತಂದಿರುವವರು ಈಗ ಮುಂದೆ ಬನ್ನಿ. ಮೇಲೆ ಬರೆದಿರುವ ಔಷಧಿಯ ಹೆಸರನ್ನು ಒಂದೊಂದಾಗಿ ಓದಿ ನೋಡೋಣ.