ಅಟ್ಟದ ಮೇಲಿನ ಗಾಣ
(ಕಾಣಕೋಣದಲ್ಲಿ ಕಬ್ಬು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ತಳಿ, ಗೊಬ್ಬರ, ದರ ಇವುಗಳ ಬಗೆಗೆ ತಿಳಿದವರು ತಮಗೆ ಈಗಾಗಲೇ ಹೇಳಿದ್ದಾರೆ. ನಾನು ಬೇರೊಂದು ವಿಷಯವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಈಚೆಗೆ ಮೊಮ್ಮಗನನ್ನು ಕರೆದುಕೊಂಡು ಸಾಸಷ್ಟಿ ತಾಲೂಕಿನ ಬಾಣಾವಲಿಗೆ ಹೋಗಿದ್ದೆ. ಅಲ್ಲಿ 'ಗೋವಾ ಚಿತ್ರ' ಎಂಬ ವಸ್ತು ಸಂಗ್ರಹಾಲಯವಿದೆ. ವಿಕ್ಟರ್ ಹ್ಯೂಗೋ ಗೋಮ್ಸ್ ಎಂಬ ಕಲಾವಿದರು ಊರೂರು ತಿರುಗಿ, ಒಕ್ಕಲುತನದ ಮತ್ತು ಅಡಿಗೆಮನೆಯ ನಾಲ್ಕು ಸಾವಿರಕ್ಕೂ ಹೆಚ್ಚು ಸಾಮಾನುಗಳನ್ನು ಕೂಡಿಸಿ, 2009ರಲ್ಲಿ ಅದನ್ನು ತೆರೆದರು. ಕಟ್ಟಡವೂ ನೋಡತಕ್ಕದ್ದೇ. ಜನರು ಕೆಡವಿಹಾಕಿದ ಹಳೆಯ ಮನೆಗಳ ಮರಮಟ್ಟು, ಬಾಗಿಲು, ಕಿಟಕಿಗಳನ್ನು ತಂದು ಅದನ್ನು ಕಟ್ಟಿದ್ದಾರೆ. ಒಡೆಯರಿಗೆ ಬೇಡವಾದ ಮರ ಇಂದು ನೂರಾರು ಮನೆಗಳ ನೆನಪನ್ನು ಹೊತ್ತು ನಿಂತಿದೆ.

ನೇಗಿಲು, ನೊಗ, ಕಾಳು ಅಳೆಯುವ ಪಾತ್ರೆ, ಬೀಸುವ ಕಲ್ಲು ಎಲ್ಲವನ್ನೂ ನೋಡುತ್ತಾ ಎಣ್ಣೆ ಗಾಣದ ಹತ್ತಿರ ಬಂದೆವು. ಹುಡುಗ ಕೇಳಿದ: "ಅಜ್ಜಾ, ಕಬ್ಬಿನ ಗಾಣವೂ ಹೀಗೇ ಇತ್ತೇ?" ಅಲ್ಲವೋ, ಅದರಲ್ಲಿ ಮರದ ಉರುಳೆಗಳು ನೆಟ್ಟಗೆ ನಿಂತು, ಒಂದರ ಹಲ್ಲು ಇನ್ನೊಂದಕ್ಕೆ ಕಚ್ಚಿ ತಿರುಗುತ್ತಿದ್ದವು, ಉದ್ದನೆಯ ತೊಲೆಗೆ ಕೋಣ ಕಟ್ಟಿ ಸುತ್ತು ಹೊಡೆಸುತ್ತಿದ್ದೆವು, ರಸ ಕೊಪ್ಪರಿಗೆಗೆ ಹೋಗುತ್ತಿತ್ತು ಎಂದೆ. "ಹಾಗಾದರೆ ನಮ್ಮ ಮನೆಯ ಗಾಣ ಎಲ್ಲಿದೆ?" ಎಂದ.

ನಾನು ಉತ್ತರ ಕೊಡಲಿಲ್ಲ. ಕಾರ್ಖಾನೆಗೆ ಕಬ್ಬು ಕಳಿಸತೊಡಗಿದ ಮೇಲೆ ಆ ಉರುಳೆಗಳು ಅಟ್ಟದ ಮೇಲೆ ಕೆಲವು ವರ್ಷ ಬಿದ್ದಿದ್ದವು. ಒಂದು ಮಳೆಗಾಲದಲ್ಲಿ ಒಣ ಸೌದೆ ಸಾಲದೆ, ಅವುಗಳನ್ನು ಕಡಿದು ಬಚ್ಚಲ ಒಲೆಗೆ ಒಟ್ಟಿದವನು ನಾನೇ. ನಮ್ಮ ತಂದೆಯವರು ಬಾಗಿಲಲ್ಲಿ ಕುಳಿತು ನೋಡಿದರು, ಏನೂ ಅನ್ನಲಿಲ್ಲ.

ಬಾಂಧವರೇ, ಗಾಣವನ್ನು ಮತ್ತೆ ಹೂಡಿರೆಂದು ನಾನು ಹೇಳುವುದಿಲ್ಲ. ಆ ದುಡಿತ ನಮ್ಮ ಮಕ್ಕಳಿಗೆ ಬೇಡ. ಆದರೆ ಸಾಮಾನು ಉಳಿದರೂ ಅದರ ಹೆಸರು, ಅಳತೆ, ಹಿಡಿಯುವ ರೀತಿ ತಿಳಿದವರು ಇಲ್ಲದಿದ್ದರೆ ಅದು ಬರೀ ಕಟ್ಟಿಗೆ. ಆ ತಿಳಿವಳಿಕೆ ಇನ್ನೂ ನಮ್ಮ ಹಿರಿಯರ ಬಾಯಲ್ಲಿದೆ.

ಸಂಗ್ರಹಾಲಯದಿಂದ ಆಗದ ಕೆಲಸವೂ ಉಂಟು. ನಮ್ಮ ಕಾಣಕೋಣದ ಖೋಲಾ ಮೆಣಸಿನಕಾಯಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಬೀಜ ಗಾಜಿನ ಪೆಟ್ಟಿಗೆಯಲ್ಲಿ ಉಳಿದದ್ದಲ್ಲ. ಗುಡ್ಡದ ಇಳಿಜಾರಿನಲ್ಲಿ ವರ್ಷ ವರ್ಷವೂ ಬಿತ್ತಿದವರಿಂದ ಉಳಿಯಿತು.

ಕಾರ್ಖಾನೆಯ ಮಾತೂ ಹಾಗೆಯೇ. ಮಾರಿಷಸ್ಸಿನ ಬೋ ಪ್ಲಾಂ ಎಂಬಲ್ಲಿಯ ಹಳೆಯ ಸಕ್ಕರೆ ಕಾರ್ಖಾನೆ 1999ರಲ್ಲಿ ನಿಂತಿತು, 2002ರಲ್ಲಿ ಸಕ್ಕರೆಯ ಸಂಗ್ರಹಾಲಯವಾಯಿತು. ನಮ್ಮ ದೇಶದಿಂದ ಕೂಲಿಗೆ ಹೋದವರು ಬೆವರು ಸುರಿಸಿದ ನಾಡು ಅದು. ಅವರ ನೆನಪು ಉಳಿಯಿತು, ಒಳ್ಳೆಯದೇ. ಆದರೆ ಧಾರಬಾಂದೋಡಾದ ಸಂಜೀವನಿ ಕಾರ್ಖಾನೆ 2019-20ರ ಹಂಗಾಮಿನಿಂದ ಕಬ್ಬು ನುರಿಸದೆ ನಿಂತಿರುವುದನ್ನು ಕಂಡಾಗ, ಅಲ್ಲಿ ಟಿಕೆಟು ಕೊಂಡು ಒಳಗೆ ಹೋಗುವ ಆಸೆ ಯಾವ ಬೆಳೆಗಾರನಿಗೂ ಇರಲಾರದು. ಚಿಮಣಿಯಲ್ಲಿ ಹೊಗೆ ಕಾಣಬೇಕೆಂಬುದೇ ನಮ್ಮ ಆಸೆ.

ಆದುದರಿಂದ ತಮ್ಮಲ್ಲಿ ನನ್ನದೊಂದು ವಿನಂತಿ. ಈ ಹಂಗಾಮಿನ ಕಟಾವು ಮುಗಿದ ಮೇಲೆ ಒಮ್ಮೆ ಅಟ್ಟ ಹತ್ತಿ ನೋಡಿರಿ. ಉಳಿದ ಸಾಮಾನಿಗೆ ಒಂದು ಚೀಟಿ ಕಟ್ಟಿರಿ. ಅದರ ಹೆಸರು ಕೊಂಕಣಿಯಲ್ಲಿ, ಕನ್ನಡದಲ್ಲಿ ಏನು, ಯಾವ ಮರದ್ದು, ಯಾವ ಕೆಲಸಕ್ಕೆ ಎಂದು ಬರೆಯಿರಿ. ಮನೆಯ ಹಿರಿಯರನ್ನು ಕೇಳಿ, ಅವರ ಮಾತನ್ನು ಮೊಬೈಲಿನಲ್ಲಿ ಹಿಡಿದಿಡಿರಿ. ಮಕ್ಕಳೊಡನೆ ಬಾಣಾವಲಿಗೂ ಹೋಗಿ ಬನ್ನಿರಿ.

ನನ್ನ ಮೊಮ್ಮಗನಿಗೆ ಆ ದಿನ ಕೊಡದ ಉತ್ತರವನ್ನು ಇಂದು ತಮ್ಮೆದುರು ಕೊಟ್ಟಿದ್ದೇನೆ. ಅವನು ಅಲ್ಲಿ ಹಿಂದಿನ ಸಾಲಿನಲ್ಲಿಯೇ ಕುಳಿತಿದ್ದಾನೆ.