ಎಡಗೈಗೊಂದು ಪ್ರಿಲ್ಯೂಡ್

ರಷ್ಯಾದ ಸಂಗೀತ ರಚನಕಾರ ಸ್ಕ್ರಿಯಾಬಿನ್ ಎಡಗೈಗೆಂದೇ ಬರೆದ ಪ್ರಿಲ್ಯೂಡಿನ ಬಗ್ಗೆ ಪಿಯಾನೋ ಕಲಿಯುವವರು ಮತ್ತೆ ಮತ್ತೆ ಕೇಳುವುದು ಒಂದೇ: 'ನಮ್ಮ ಎಡಗೈಗೆ ಅಷ್ಟು ಬಲ ಎಲ್ಲಿಂದ ತರೋಣ?' ದಯವಿಟ್ಟು ಆ ಬಲದ ಮಾತು ಬಿಡಿ.

ಎಡಗೈಯನ್ನು ಕೀಲಿಮಣೆಯ ಮೇಲಿಟ್ಟು ನೋಡಿ. ಹೆಬ್ಬೆರಳು ಬಲಕ್ಕೆ, ಮೇಲಿನ ಸ್ವರಗಳ ಕಡೆಗಿದೆ. ಹಾಡಿನ ಎಳೆ ಹೆಚ್ಚಾಗಿ ಅದರದೇ ಪಾಲು. ಕಿರುಬೆರಳು ಮಂದ್ರವನ್ನು ಮುಟ್ಟುತ್ತಲೇ ಕೈ ಮೇಲಕ್ಕೆ ಹೊರಟುಬಿಡುತ್ತದೆ. ಆಮೇಲೆ ಆ ಮಂದ್ರವನ್ನು ಕಾಯುವವರು ಯಾರು? ನಿಮ್ಮ ಬಲಗಾಲು. ಪೆಡಲ್ ಒತ್ತಿದೊಡನೆ ತಂತಿಗಳ ಮೇಲೆ ಕೂತ ಡ್ಯಾಂಪರ್‌ಗಳು ಮೇಲೇಳುತ್ತವೆ. ಬೆರಳು ತೆಗೆದರೂ ತಂತಿ ನುಡಿಯುತ್ತಲೇ ಇರುತ್ತದೆ. ಮುಟ್ಟದ ತಂತಿಗಳೂ ಜೊತೆಗೆ ಮಿಡಿಯುತ್ತವೆ. ಇನ್ನೊಮ್ಮೆ ಹೇಳುತ್ತೇನೆ: ಕೈ ಬಿಟ್ಟದ್ದನ್ನು ಕಾಲು ಹಿಡಿದಿರುತ್ತದೆ. ಒಂದು ಕೈ ಎರಡಾಗಿ ಕೇಳಿಸುವುದು ಹೀಗೆ.

ಹಾಗೆಂದು ಕೊನೆಯವರೆಗೂ ತುಳಿದೇ ಇಟ್ಟರೆ ನಾದ ತುಂಬಿಬರುತ್ತದೆಯೇ? ಎಷ್ಟೊಂದು ಮಂದಿ ಹಾಗೆ ನಂಬಿದ್ದಾರೆ! ತುಂಬುವುದು ಗದ್ದಲ ಮಾತ್ರ. ಹೊಸ ಮಂದ್ರ ನುಡಿಸಿದ ಕ್ಷಣದಲ್ಲೇ ಕಾಲೆತ್ತಿ, ಆ ಸ್ವರ ಕೈಯಲ್ಲಿರುವಾಗಲೇ ಮತ್ತೆ ಒತ್ತಬೇಕು. ಎತ್ತಿ, ಒತ್ತಿ. ನನ್ನ ಬಳಿ ಕಲಿಯಲು ಬರುವವರ ಬೆರಳಿಗಿಂತ ಮೊದಲು ಕಾಲನ್ನೇ ನೋಡುತ್ತೇನೆ; ಇಡೀ ಪಾಠ ಕಾಲಿನಲ್ಲೇ ಮುಗಿದದ್ದೂ ಉಂಟು.

ಇನ್ನು ನೋವಿನ ವಿಷಯ. 1891ರ ಸುಮಾರಿಗೆ, ಮಾಸ್ಕೋ ಕನ್ಸರ್ವೇಟರಿಯಲ್ಲಿ ಓದುತ್ತಿದ್ದ ಸ್ಕ್ರಿಯಾಬಿನ್ ಸಹಪಾಠಿ ಲೆವಿನ್ ಜೊತೆ ಪೈಪೋಟಿಗೆ ಬಿದ್ದರು. ಲಿಸ್ಟ್‌ನ ಡಾನ್ ಹುವಾನ್ ಫ್ಯಾಂಟಸಿ, ಬಾಲಕಿರೇವ್‌ನ 'ಇಸ್ಲಾಮೇ', ಇವನ್ನು ಮಿತಿಮೀರಿ ಸಾಧನೆ ಮಾಡಿ ಬಲಗೈ ಕೆಡಿಸಿಕೊಂಡರು. ಅವರದು ಮೊದಲೇ ಪುಟ್ಟ ಅಂಗೈ. 1894ರಲ್ಲಿ ಬರೆದ ಈ ಪ್ರಿಲ್ಯೂಡ್ ಮತ್ತು ಅದರ ಜೊತೆಯ ನಾಕ್ಟರ್ನ್ ಎರಡೂ ಎಡಗೈಗೇ ಮೀಸಲು. ಈ ಕತೆ ಕೇಳಿಯೂ 'ನೋಯದೆ ಬೆರಳು ಪಳಗದು' ಎನ್ನುವವರಿದ್ದಾರೆ. ಅದು ಸುಳ್ಳು. ನೋವು ಬಂದರೆ ನಿಲ್ಲಿಸಿ. ಮರುದಿನವೂ ಉಳಿದರೆ ವೈದ್ಯರಿಗೆ ತೋರಿಸಿ. ಪರೀಕ್ಷೆ ಹತ್ತಿರ ಬಂತೆಂದು ಮಕ್ಕಳನ್ನು ನುಡಿಸಲು ಕೂರಿಸುವ ತಂದೆತಾಯಂದಿರಿಗೂ ಇದೇ ಮಾತು.

ಅಭ್ಯಾಸದ ಕ್ರಮಕ್ಕೆ ಸ್ವಲ್ಪವೇ ಸಮಯ ಉಳಿದಿದೆ. ಮೊದಲು ಹೆಬ್ಬೆರಳಿನ ಎಳೆಯನ್ನಷ್ಟೇ ನುಡಿಸಿ, ಜೊತೆಗೆ ಬಾಯಲ್ಲೂ ಹಾಡಿ. ಅದು ಕುದುರಿದ ಮೇಲೆ ಮಂದ್ರ ಮತ್ತು ಪೆಡಲ್. ನಡುವಿನ ಸ್ವರಗಳು ಕೊನೆಗೆ, ಅದೂ ಮೆತ್ತಗೆ. ಅವು ಏರಿದರೆ ಹೆಬ್ಬೆರಳಿನ ಹಾಡು ಕೇಳಿಸುವುದೇ ಇಲ್ಲ.