ಚಿನ್ನು ಪಾದ ನೆಕ್ಕುತ್ತಿದ್ದಳು



ಹೋದ ಮಳೆಗಾಲದಲ್ಲಿ ನಮ್ಮ ಮನೆಯ ನಾಯಿ ಚಿನ್ನು ದಿನವಿಡೀ ಪಾದ ನೆಕ್ಕುತ್ತಿದ್ದಳು. ಅವಳ ಅಭ್ಯಾಸ ಅಂತ ನಾನು ಸುಮ್ಮನಿದ್ದೆ. ಬೆರಳ ಸಂದಿ ಕೆಂಪಾದಾಗ ನಾವು ಹಚ್ಚಿಕೊಳ್ಳುವ ಮುಲಾಮನ್ನೇ ಹಚ್ಚಿದೆ, ಅದನ್ನೂ ನೆಕ್ಕಿಬಿಟ್ಟಳು. ಮೂರು ವಾರದಲ್ಲಿ ಹುಣ್ಣಾಗಿ ಕುಂಟತೊಡಗಿದಳು. ತಪ್ಪು ನನ್ನದೇ. ಅದಕ್ಕೇ ಈ ನಾಲ್ಕು ಮಾತು.

ತುರಿಕೆಯಾಗುತ್ತಿದೆ ಅಂತ ನಾಯಿಗೆ ಹೇಳಲು ಬಾರದು. ಪಾದ ನೆಕ್ಕುವುದು, ತಲೆ ಕೊಡವುವುದು, ಗೋಡೆಗೆ ಮೈ ಉಜ್ಜುವುದು, ಇವೇ ಅದರ ಮಾತು. ಹೊಟ್ಟೆ, ಕಂಕುಳು, ತೊಡೆಸಂದಿ, ಕಿವಿಯ ಒಳಗೆ, ಬೆರಳ ನಡುವೆ ನೋಡಿ. ಕೆಂಪು, ಬಿಸಿ, ಗುಳ್ಳೆ, ಹೊಟ್ಟು, ಕೆಟ್ಟ ವಾಸನೆ ಇದ್ದರೆ ಉರಿಯೂತ ಇರಬಹುದು. ಬಾಲದ ಬುಡವನ್ನೇ ಕಚ್ಚಿಕೊಳ್ಳುತ್ತಿದ್ದರೆ ಚಿಗಟ ಹುಡುಕಿ. ಚರ್ಮ ಕಪ್ಪಾಗಿ ದಪ್ಪವಾಗಿದ್ದರೆ ತೊಂದರೆ ಹಳೆಯದು.

ನಮ್ಮ ಚೆನ್ನೈಯಲ್ಲಿ ವರ್ಷವಿಡೀ ಸೆಕೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮಳೆ. ಮೈಯಲ್ಲಿ ತೇವ ನಿಂತರೆ ಯೀಸ್ಟ್, ಬ್ಯಾಕ್ಟೀರಿಯಾ ಬೆಳೆಯುತ್ತವೆ. ವಾಕಿಂಗ್ ಮುಗಿಸಿ ಬಂದೊಡನೆ ಪಾದ ಒರೆಸಿ. ವಾರಕ್ಕೊಮ್ಮೆ ಪಕ್ಕಕ್ಕೆ ಮಲಗಿಸಿ ಮೈಯೆಲ್ಲ ಕೈಯಾಡಿಸಿ. ಸೀಮೆಎಣ್ಣೆ, ಫಿನಾಯಿಲ್ ಖಂಡಿತ ಬೇಡ.

ತುರಿಕೆಗೆ ಕಾರಣ ಚಿಗಟವೋ, ನುಸಿಯೋ, ಅಲರ್ಜಿಯೋ ಎಂಬುದು ಕಣ್ಣಂದಾಜಿಗೆ ಸಿಗುವುದಿಲ್ಲ. ವೈದ್ಯರು ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. 1903ರಲ್ಲಿ ಆರಂಭವಾದ ಮದ್ರಾಸ್ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇಲ್ಲೇ ವೇಪೇರಿಯಲ್ಲಿದೆ.

ಚಿನ್ನು ಈಗ ಚೆನ್ನಾಗಿದ್ದಾಳೆ. ಇವತ್ತು ಮನೆಗೆ ಹೋದ ಕೂಡಲೇ ನಿಮ್ಮ ನಾಯಿಯ ಪಾದ ಒಮ್ಮೆ ಬಿಡಿಸಿ ನೋಡಿ.